ಬಾಸ್ಟೀಲ್ ಚೌಕದ ಉತ್ಸವ

1981ರ ಮೇ 10ರಂದು ರಾತ್ರಿ ಎಂಟು ಗಂಟೆಗೆ, ಫ್ರಾನ್ಸಿನ ದೂರದರ್ಶನದ ತೆರೆಯ ಮೇಲೆ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆದ್ದ ಎಡಪಂಥೀಯ ನಾಯಕ ಫ್ರಾನ್ಸ್ವಾ ಮಿತ್ತೆರಾಂ ಅವರ ಮುಖಚಿತ್ರವು ಮೂಡುತ್ತಲೇ, 1958ರಲ್ಲಿ ಐದನೆಯ ಗಣರಾಜ್ಯವು ಸ್ಥಾಪಿತವಾದಂದಿನಿಂದ ಅಧ್ಯಕ್ಷಪದವಿಯನ್ನೇ ಕಾಣದಿದ್ದ ಎಡಪಕ್ಷಗಳ ಅಭಿಮಾನಿಗಳು, 1789ರಲ್ಲಿ ಪ್ರಜೆಗಳು ಸೆರೆಮನೆಯನ್ನು ಭೇದಿಸಿದ ಬಾಸ್ಟೀಲ್ ಚೌಕಕ್ಕೆ ಪ್ರವಾಹೋಪಾದಿಯಲ್ಲಿ ಹರಿದುಬಂದು, ಇರುಳು ಸುರಿದ ಮಳೆಯನ್ನೂ ಲೆಕ್ಕಿಸದೆ ಹಾಡಿ ಕುಣಿದರು. ಮರುದಿನ ಪ್ಯಾರಿಸ್ಸಿನ ಷೇರುಪೇಟೆಯಾದರೋ ರಾಷ್ಟ್ರೀಕರಣದ ಭೀತಿಯಿಂದ ತತ್ತರಿಸಿ ಕುಸಿಯಿತು. ಒಂದೇ ಫಲಿತಾಂಶವು ಕೆಲವರಿಗೆ ಉತ್ಸವವೂ ಮತ್ತೆ ಕೆಲವರಿಗೆ ಉತ್ಪಾತವೂ ಆಗಿ ತೋರಿತು.

ಮೇ 21ರಂದು ನೂತನಾಧ್ಯಕ್ಷರು ಪಾಂತೆಯೊನ್ ಸ್ಮಾರಕಮಂದಿರದಲ್ಲಿ, ದಾಸ್ಯವಿಮೋಚನೆಗೆ ದುಡಿದ ಶೆಲ್ಷೆರ್ ಮೊದಲಾದವರ ಸಮಾಧಿಗಳ ಮೇಲೆ ಕೆಂಗುಲಾಬಿಯನ್ನಿರಿಸಿದರು. ಅಕ್ಟೋಬರ್ 9ರ ಶಾಸನವು ಮರಣದಂಡನೆಯನ್ನು ರದ್ದುಗೊಳಿಸಿತು. ಚುನಾವಣೆಯ ಫಲವನ್ನು ಆ ರಾತ್ರಿಯ ಹರ್ಷದಿಂದಾಗಲಿ ಮರುದಿನದ ಭಯದಿಂದಾಗಲಿ ಅಳೆಯದೆ, ಇಂತಹ ಶಾಸನಗಳಿಂದಲೇ ಅಳೆಯುವುದು ನ್ಯಾಯ.