ಗಣಿನಾಡಿನ ಹೆಣ್ಣುಮಕ್ಕಳ ಜಡೆ: ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಗಳ ಗೃಹೇತಿಹಾಸದ ಒಂದು ಪುಟ

ಕೋಲಾರ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗಣಿಗಳ ಆಳ, ಚಿನ್ನದ ತೂಕ, ಕಂಪನಿಗಳ ಲಾಭಾಂಶ, ಕಾರ್ಮಿಕರ ಮುಷ್ಕರ ಇವುಗಳ ಮೇಲೆಯೇ ದೃಷ್ಟಿಯನ್ನಿಟ್ಟಿದ್ದಾರೆ. ಇದು ಸಹಜವೂ ಹೌದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಈ ನೆಲದಿಂದ ಹೊರಬಿದ್ದ ಚಿನ್ನ ಸುಮಾರು 800 ಟನ್ನುಗಳೆಂದು ಲೆಕ್ಕ ಹಾಕಲಾಗಿದೆ. ಆದರೆ ಆ ಚಿನ್ನವನ್ನು ಅಗೆದವರ ಮನೆಯ ಹೊಸ್ತಿಲಿನ ಒಳಗೆ ಏನು ನಡೆಯುತ್ತಿತ್ತೆಂಬುದನ್ನು ಕಂಪನಿಯ ಲೆಕ್ಕದ ಪುಸ್ತಕಗಳು ಹೇಳುವುದಿಲ್ಲ. ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಬೈತಲೆ ತೆಗೆದು, ಜಡೆ ಹೆಣೆದು, ಹೂ ಮುಡಿಸುವ ಕೆಲಸ ಯಾವ ದಾಖಲೆಗೂ ಸೇರಿದ್ದಲ್ಲ. ಅದು ಅಲಂಕಾರದ ವಿಷಯ, ಹೆಂಗಸರ ವಿಷಯ, ಆದಕಾರಣ ಇತಿಹಾಸದ ವಿಷಯವಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಪ್ರದೇಶ ಮತ್ತು ಜನ

ಬಂಗಾರಪೇಟೆಯ ಹಿಂದಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗನ ಹೆಸರನ್ನು ಆ ಊರಿಗೆ ಇಡಲಾಗಿತ್ತು. ಮದರಾಸಿನ ಕಡೆಯ ರೈಲುಮಾರ್ಗ 1864ರಲ್ಲಿ ಬೆಂಗಳೂರನ್ನು ಮುಟ್ಟಿದುದರಿಂದಲೂ, 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಗಣಿಗಳ ಕವಲುಮಾರ್ಗ ತೆರೆದುದರಿಂದಲೂ ಈ ಸಣ್ಣ ಊರು ಗಣಿನಾಡಿನ ಬಾಗಿಲಾಯಿತು. ಆ ಬಾಗಿಲಿನಿಂದ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳ ತಮಿಳು ಮತ್ತು ತೆಲುಗು ಮಾತನಾಡುವ ಕುಟುಂಬಗಳು ಬಂದವು. ಅವರಲ್ಲಿ ಬಹುಸಂಖ್ಯಾತರು ಆದಿದ್ರಾವಿಡರೆಂದು ಕರೆಯಲ್ಪಡುತ್ತಿದ್ದ ದಲಿತರು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗುಗಳು ಬೆರೆತಿದ್ದವು. ಪೇಟೆಗಳಲ್ಲಿ ಉರ್ದುವೂ ಕೇಳಿಬರುತ್ತಿತ್ತು. ಗಣಿಯ ಲೈನುಗಳಲ್ಲಿ ಬಿದಿರ ತಟ್ಟಿಯ ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇಂತಹ ಇಕ್ಕಟ್ಟಿನಲ್ಲಿ ಒಂದು ಮನೆಯ ಜಗುಲಿಯ ಮೇಲೆ ಹೆಣೆದ ಜಡೆಯನ್ನು ನೆರೆಮನೆಯವರೆಲ್ಲ ನೋಡುತ್ತಿದ್ದರು. ನೋಡಿ ಕಲಿಯುತ್ತಲೂ ಇದ್ದರು.

2. ಶಬ್ದಗಳ ಸಾಕ್ಷ್ಯ

ಲಿಖಿತ ದಾಖಲೆ ಇಲ್ಲದ ಕಡೆ ಶಬ್ದಗಳು ಇತಿಹಾಸಕಾರನಿಗೆ ಮೊದಲ ಸಾಕ್ಷಿಗಳು. ಕನ್ನಡದ ಜಡೆ, ತೆಲುಗಿನ ಜಡ, ತಮಿಳಿನ ಜಡೈ ಇವೆಲ್ಲವೂ ಸಂಸ್ಕೃತದ 'ಜಟಾ' ಶಬ್ದದಿಂದ ಬಂದವು. ತಪಸ್ವಿಯ ಸಿಕ್ಕುಗಟ್ಟಿದ ಕೂದಲಿಗೆ ಇದ್ದ ಹೆಸರು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಾಚಿ ಹೆಣೆದ ಕೂದಲಿಗೆ ಸಂದುದು ಅರ್ಥಪರಿವರ್ತನೆಯ ಒಂದು ಸೋಜಿಗ. ಗಿಡ್ಡ ಕೂದಲನ್ನು ಉದ್ದಮಾಡಲು ಸೇರಿಸುವ 'ಚೌರಿ' ಚಮರೀಮೃಗದ ಬಾಲದ ನೆನಪನ್ನು ಉಳಿಸಿಕೊಂಡಿದೆ. ಜಡೆಯ ತುದಿಗೆ ಕಟ್ಟುವುದು ಕನ್ನಡದವರ ಮನೆಯಲ್ಲಿ ಕುಚ್ಚು, ತಮಿಳರ ಮನೆಯಲ್ಲಿ ಕುಂಜಲಂ, ತೆಲುಗರ ಮನೆಯಲ್ಲಿ ಜಡಗಂಟಲು. ಹೆಸರು ಮೂರಾದರೂ ವಸ್ತು ಒಂದೇ. ಗಣಿನಾಡಿನ ಮಗುವೊಂದು ಈ ಮೂರು ಹೆಸರುಗಳನ್ನೂ ಬೀದಿಯಲ್ಲಿಯೇ ಕಲಿಯುತ್ತಿತ್ತು.

ಇವುಗಳ ಪಕ್ಕದಲ್ಲಿ ಪಿನ್ನು, ಕ್ಲಿಪ್ಪು, ರಿಬ್ಬನ್ನು ಎಂಬ ಶಬ್ದಗಳನ್ನು ಇಟ್ಟು ನೋಡಬೇಕು. ಈ ವಸ್ತುಗಳಿಗೆ ನಮ್ಮ ಭಾಷೆಗಳಲ್ಲಿ ಬೇರೆ ಹೆಸರು ಬಳಕೆಗೆ ಬರಲಿಲ್ಲವೆಂಬುದೇ ಅವು ಅಂಗಡಿಯ ಮೂಲಕ ತಡವಾಗಿ ಬಂದವೆಂಬುದಕ್ಕೆ ಸೂಚನೆ. ಒತ್ತಿ ಹಿಡಿಯುವ ಸಣ್ಣ ತಂತಿಯ ಪಿನ್ನು ಪಶ್ಚಿಮದಲ್ಲಿಯೇ ವ್ಯಾಪಕವಾದದ್ದು 1920ರ ದಶಕದಲ್ಲಿ, ಅಲ್ಲಿನ ಹೆಂಗಸರು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳತೊಡಗಿದಾಗ. ಕತ್ತರಿಸಿದ ಕೂದಲಿಗಾಗಿ ಹುಟ್ಟಿದ ಸಾಧನ ನಮ್ಮಲ್ಲಿ ಕತ್ತರಿಸದ ಜಡೆಯ ಮೇಲೆ ಹೂವನ್ನು ನಿಲ್ಲಿಸಲು ಬಳಕೆಯಾಯಿತು. ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ತಮಿಳಿನಲ್ಲಿ ಹೆಣೆದ ಜಡೆಗೆ 'ಪಿನ್ನಲ್' ಎಂಬ ಹೆಸರುಂಟು. ಇದಕ್ಕೂ ಇಂಗ್ಲಿಷಿನ ಪಿನ್ನಿಗೂ ಯಾವ ಸಂಬಂಧವೂ ಇಲ್ಲ. ಧ್ವನಿಸಾಮ್ಯವನ್ನೇ ನಂಬಿ ನಿರ್ಣಯಕ್ಕೆ ಹಾರುವ ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಪಾಠ.

3. ಮೊಗ್ಗಿನ ಜಡೆ

ಪ್ರತಿದಿನದ ಜಡೆ ಸರಳವಾದುದು. ಕೂದಲಿನ ಒಂದೊಂದು ಪಾಲಿಗೆ 'ಕಾಲು' ಎಂದು ಹೆಸರು. ಮೂರು ಕಾಲಿನದು ನಿತ್ಯದ ಜಡೆ, ನಾಲ್ಕು ಕಾಲಿನದು ತುಸು ಹೆಚ್ಚಿನ ಕೈಚಳಕವನ್ನು ಬೇಡುತ್ತದೆ. ಸಣ್ಣ ಸಣ್ಣ ಎಳೆಗಳನ್ನು ಅತ್ತಿಂದಿತ್ತ ದಾಟಿಸುತ್ತ ಹೆಣೆದುದನ್ನು ಸಾವಿರ ಕಾಲಿನ ಜಡೆ ಎನ್ನುವರು. ಉಳ್ಳವರ ಮನೆಗಳಲ್ಲಿ ಹಬ್ಬಹರಿದಿನಗಳಂದು ಇದರ ಮೇಲೆ ನಾಗರ, ಜಡೆಬಿಲ್ಲೆ, ನೆತ್ತಿಯಲ್ಲಿ ರಾಗಟೆ, ಬೈತಲೆಯ ಎರಡು ಪಕ್ಕಗಳಲ್ಲಿ ಸೂರ್ಯಚಂದ್ರ ಇವು ಕುಳಿತುಕೊಳ್ಳುತ್ತಿದ್ದವು. ಇವು ಚಿನ್ನದ ಆಭರಣಗಳು. ಚಿನ್ನವನ್ನು ಅಗೆಯುವವನ ಮನೆಯಲ್ಲಿ ಇವು ಇರುವ ಸಂಭವ ಕಡಿಮೆ.

ಮೊಗ್ಗಿನ ಜಡೆಯಾದರೋ ಬೇರೆಯೇ ರೀತಿಯದು. ಅದಕ್ಕೆ ಬೇಕಾದುದು ಚಿನ್ನವಲ್ಲ. ಸಮಯ, ತಾಳ್ಮೆ ಮತ್ತು ಬೇಸಗೆಯ ಮಲ್ಲಿಗೆ. ಹಿಂದಿನ ದಿನ ಎಣ್ಣೆ ಹಚ್ಚಿ ಸೀಗೆಯಿಂದ ತಲೆ ತೊಳೆಯಬೇಕು. ಕೂದಲು ಒಣಗಿದ ಮೇಲೆ ಬಾಚಿ, ಚೌರಿ ಸೇರಿಸಿ ಬಿಗಿಯಾಗಿ ಹೆಣೆದು ತುದಿಗೆ ಕುಚ್ಚು ಕಟ್ಟಬೇಕು. ಮೊಗ್ಗುಗಳು ಇನ್ನೂ ಬಿರಿಯದಿರುವಾಗಲೇ ಅವನ್ನು ಒಂದೇ ಅಳತೆಗೆ ಆರಿಸಿಕೊಂಡು, ಜಡೆಯ ಅಗಲಕ್ಕೆ ಕತ್ತರಿಸಿದ ಬಾಳೆಪಟ್ಟೆ ಅಥವಾ ದಪ್ಪ ಕಾಗದದ ಮೇಲೆ ಸೂಜಿದಾರದಿಂದ ಸಾಲುಸಾಲಾಗಿ ಹೊಲಿಯಬೇಕು. ನಡುನಡುವೆ ಕನಕಾಂಬರದ ಕೆಂಪು, ಮರುಗದ ಹಸಿರು. ಬಳಿಕ ಆ ಪಟ್ಟಿಯನ್ನು ಜಡೆಗೆ ಹೊಲಿದು, ನೆತ್ತಿಯ ಹತ್ತಿರ ಪಿನ್ನುಗಳಿಂದ ಬಿಗಿಮಾಡಬೇಕು. ಅಷ್ಟು ಹೊತ್ತು ಮಗು ಅಲುಗಾಡದೆ ಕುಳಿತಿರಬೇಕು. ಅದಕ್ಕಾಗಿ ಕಥೆ, ಗದರಿಕೆ, ಬೆಲ್ಲದ ಚೂರು ಮೂರೂ ಸಿದ್ಧವಾಗಿರುತ್ತಿದ್ದವು. ಅಂದು ರಾತ್ರಿ ಮಗು ಮಗ್ಗುಲಾಗಿಯೇ ಮಲಗಬೇಕು. ಮರುದಿನ ಹೂ ಬಾಡುವುದರೊಡನೆ ಈ ಶ್ರಮವೆಲ್ಲವೂ ಮುಗಿಯುತ್ತದೆ.

ಈ ಕೆಲಸದಲ್ಲಿ ನಿಪುಣರು ಬಹುಶಃ ಮನೆಯ ಹಿರಿಯ ಹೆಂಗಸರು, ಅಜ್ಜಿ ಅಥವಾ ಅತ್ತೆ. ಬ್ರಾಹ್ಮಣರೇ ಮೊದಲಾದ ಕೆಲವು ಜಾತಿಗಳಲ್ಲಿ ವಿಧವೆಯಾದ ಅಜ್ಜಿಗೆ ಸ್ವತಃ ಹೂ ಮುಡಿಯುವ ಅಧಿಕಾರವಿರಲಿಲ್ಲ. ಎಷ್ಟೋ ವೇಳೆ ಅವಳ ತಲೆಯನ್ನೇ ಬೋಳಿಸಲಾಗಿರುತ್ತಿತ್ತು. ತನಗೆ ನಿಷಿದ್ಧವಾದುದನ್ನು ಮೊಮ್ಮಗಳ ಜಡೆಯಲ್ಲಿ ಹೊಲಿಯುವ ಆ ಕೈಗಳ ಇತಿಹಾಸವನ್ನು ಬರೆಯದೆ ಹೋದರೆ ಕೇಶಾಲಂಕಾರದ ಇತಿಹಾಸ ಬರಿಯ ಸೊಗಸಿನ ವರ್ಣನೆಯಾಗಿಬಿಡುತ್ತದೆ.

4. ಹೂವಿನ ಹಕ್ಕು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹೆಣ್ಣುಮಗುವಿಗೆ ಹೂ ಮುಡಿಸುವುದು ಎಲ್ಲರಿಗೂ ಸಹಜವಾಗಿ ದೊರೆತ ಸ್ವಾತಂತ್ರ್ಯವೆ? ಅಲ್ಲವೆಂಬುದಕ್ಕೆ ನಿಸ್ಸಂದೇಹವಾದ ಆಧಾರವಿದೆ. 1930ರ ಡಿಸೆಂಬರಿನಲ್ಲಿ ಮದರಾಸು ಪ್ರಾಂತದ ರಾಮನಾಡು ಜಿಲ್ಲೆಯ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ನಿಷೇಧಗಳನ್ನು ಹೇರಿದುದನ್ನು, 1931ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಜೆ. ಎಚ್. ಹಟನ್ ದಾಖಲಿಸಿದ್ದಾನೆ. ಚಿನ್ನಬೆಳ್ಳಿಯ ಒಡವೆ ತೊಡಕೂಡದು. ಗಂಡಸರು ಕೂದಲನ್ನು ಕತ್ತರಿಸಿಕೊಳ್ಳಕೂಡದು. ಹೆಂಗಸರು ಮೈಯ ಮೇಲ್ಭಾಗವನ್ನು ಮುಚ್ಚಿಕೊಳ್ಳಕೂಡದು, ಹೂ ಮುಡಿಯಕೂಡದು ಎಂಬಿವು ಆ ಪಟ್ಟಿಯಲ್ಲಿದ್ದವು. ನಿಷೇಧವನ್ನು ಮೀರಿದವರ ಗುಡಿಸಲುಗಳಿಗೆ ಬೆಂಕಿ ಬಿತ್ತು.

ರಾಮನಾಡು ಗಣಿನಾಡಿನಿಂದ ದೂರದ ಜಿಲ್ಲೆ. ಗಣಿಗೆ ಬಂದವರ ತವರು ಬಹುಪಾಲು ಉತ್ತರ ಆರ್ಕಾಟು. ಆದುದರಿಂದ ಆ ಪಟ್ಟಿಯನ್ನು ಯಥಾವತ್ತಾಗಿ ಇಲ್ಲಿಗೆ ಅನ್ವಯಿಸುವುದು ತಪ್ಪಾದೀತು. ಆದರೂ ಅದು ಒಂದು ಮನೋವೃತ್ತಿಯನ್ನು ಸ್ಪಷ್ಟಪಡಿಸುತ್ತದೆ. ಹಳ್ಳಿಯಲ್ಲಿ ಕೂದಲು, ಬಟ್ಟೆ, ಹೂವು ಇವು ಸ್ವಂತದ ವಿಷಯಗಳಾಗಿರಲಿಲ್ಲ, ಮೇಲುಕೀಳುಗಳ ಗುರುತುಗಳಾಗಿದ್ದವು. ಹಳ್ಳಿಯನ್ನು ಬಿಟ್ಟು ಕೂಲಿಯ ದುಡ್ಡು ಕೈಗೆ ಬರುವ ಊರಿಗೆ ಬಂದವರಿಗೆ ಈ ಗುರುತುಗಳನ್ನು ಬದಲಿಸುವ ಅವಕಾಶ ದೊರೆಯಿತು. ಅಯೋತಿದಾಸ ಪಂಡಿತರು (1845–1914) ಕಟ್ಟಿದ ಶಾಕ್ಯ ಬೌದ್ಧ ಸಂಘವು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರುಬಿಟ್ಟುದು ಇದೇ ಹಿನ್ನೆಲೆಯಲ್ಲಿ. 1930ರಲ್ಲಿಯೇ ಗಣಿಯ ಕಾರ್ಮಿಕರು ಬೆರಳಚ್ಚು ತೆಗೆದು ಹೆಸರು ದಾಖಲಿಸುವ ಹೊಸ ವ್ಯವಸ್ಥೆಯನ್ನು ವಿರೋಧಿಸಿ ಮುಷ್ಕರ ಹೂಡಿದುದೂ ಗಮನಾರ್ಹ. ಒಂದು ಕಡೆ ತಮ್ಮ ಮೈಯ ಮೇಲೆ ಕಂಪನಿ ಹಾಕಲಿದ್ದ ಗುರುತಿಗೆ ವಿರೋಧ. ಇನ್ನೊಂದು ಕಡೆ, ಅದೇ ವರ್ಷ, ಅದೇ ಸಮುದಾಯದ ಹೆಂಗಸರಿಗೆ ಮತ್ತೊಂದು ಸೀಮೆಯಲ್ಲಿ ಹೂವಿನ ನಿಷೇಧ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಗಣಿಯ ಲೈನಿನ ತಾಯಿಯೊಬ್ಬಳು ಮಗಳ ಜಡೆಗೆ ಮಲ್ಲಿಗೆ ಹೊಲಿದುದು ಕೇವಲ ಮುದ್ದಿನ ಮಾತಲ್ಲ, ಮರ್ಯಾದೆಯ ಮಾತೂ ಆಗಿತ್ತೆಂದು ತಿಳಿಯಬಹುದಾಗಿದೆ.

5. ಛಾಯಾಚಿತ್ರವೆಂಬ ಆಕರ

ಬಾಡಿಹೋಗುವ ಈ ಕಲೆಗೆ ಉಳಿದ ಒಂದೇ ಸಾಕ್ಷ್ಯ ಛಾಯಾಚಿತ್ರ. ಮೊಗ್ಗಿನ ಜಡೆ ಹಾಕಿದ ಮಗುವನ್ನು ಜರಿಯ ಲಂಗ ಉಡಿಸಿ ಸ್ಟುಡಿಯೋಗೆ ಕರೆದೊಯ್ದು, ಬೆನ್ನ ಹಿಂದೆ ಕನ್ನಡಿಯನ್ನಿಟ್ಟು, ಮುಖವೂ ಜಡೆಯೂ ಒಂದೇ ಪಟದಲ್ಲಿ ಬೀಳುವಂತೆ ಫೋಟೋ ತೆಗೆಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿಯೂ ತಮಿಳುನಾಡಿನಲ್ಲಿಯೂ ಪ್ರಚುರವಾಗಿತ್ತು. ಬೇಲೂರಿನ ದರ್ಪಣಸುಂದರಿ ಕನ್ನಡಿಯಲ್ಲಿ ನೋಡುವುದು ತನ್ನ ಮುಖವನ್ನು. ಇಲ್ಲಿ ಕನ್ನಡಿ ಇರುವುದು ಮಗುವಿಗಾಗಿ ಅಲ್ಲ, ನೋಡುವವರಿಗಾಗಿ. ಅದರಲ್ಲಿ ಕಾಣುವುದು ತಾಯಿಯ ಕೈಕೆಲಸ. ಚಿತ್ರದಲ್ಲಿ ತಾಯಿ ಇಲ್ಲದಿದ್ದರೂ ಅವಳ ಸಹಿ ಇದೆ.

ಆದರೆ ಈ ಆಕರವನ್ನು ಉಪಯೋಗಿಸುವಾಗ ಜಾಗರೂಕತೆ ಬೇಕು. ಕೊರಳಿನ ಸರ ನೆರೆಮನೆಯಿಂದ ಎರವಲು ತಂದುದಿರಬಹುದು. ಹಿಂದಿನ ಪರದೆ, ಪಕ್ಕದ ಕುರ್ಚಿ ಸ್ಟುಡಿಯೋದವು. ಚಿತ್ರದ ಹೆಣ್ಣುಮಗು ನಿಜವಾಗಿ ಗಂಡುಮಗುವಾಗಿರಲೂಬಹುದು. ಮೊದಲ ಸಲ ಮುಡಿ ತೆಗೆಸುವ ಮುನ್ನ ಗಂಡುಮಗುವಿಗೂ ಜಡೆ ಹಾಕಿ ಲಂಗ ಉಡಿಸಿ ಚಿತ್ರ ತೆಗೆಸುವುದು ಅನೇಕ ಮನೆಗಳಲ್ಲಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಸ್ಟುಡಿಯೋದ ಖರ್ಚನ್ನು ಹೊರಲಾರದ ಮನೆಗಳ ಜಡೆಗಳು ಈ ಆಕರದಲ್ಲಿ ಕಾಣಸಿಗುವುದೇ ಇಲ್ಲ.

6. ಶಾಲೆ, ಪಾಳಿ, ರೈಲು

ಶಾಲೆಗಳು ಬೆಳೆದಂತೆ ಹುಡುಗಿಯರ ಜಡೆ ಒಂದಿದ್ದುದು ಎರಡಾಯಿತು. ಎರಡು ಜಡೆ ಹೆಣೆದು, ಮೇಲಕ್ಕೆ ಮಡಿಚಿ, ಕಿವಿಯ ಬಳಿ ರಿಬ್ಬನ್ನಿನಿಂದ ಕಟ್ಟುವ ರೀತಿ ಸಮವಸ್ತ್ರದ ಅಂಗವೇ ಆಯಿತು. ಇದರಿಂದ ಸೊಬಗು ಕುಗ್ಗಿತೆಂದು ಹಿರಿಯರು ಹೇಳುವುದುಂಟು. ಆದರೆ ಒಂದು ಲಾಭವನ್ನು ಮರೆಯಬಾರದು: ಒಂದೇ ಬಣ್ಣದ ರಿಬ್ಬನ್ನು ಕಟ್ಟಿದ ತರಗತಿಯಲ್ಲಿ ಜಡೆಯನ್ನು ನೋಡಿ ಜಾತಿಯನ್ನಾಗಲಿ ಅಂತಸ್ತನ್ನಾಗಲಿ ಹೇಳುವುದು ಕಷ್ಟವಾಯಿತು.

ತಾಯಂದಿರ ಕೆಲಸದ ವೇಳೆಯೂ ಜಡೆಯ ಮೇಲೆ ತನ್ನ ಪ್ರಭಾವವನ್ನು ಬೀರಿತು. 1952ರ ಗಣಿಗಳ ಕಾನೂನು ಹೆಂಗಸರನ್ನು ನೆಲದಡಿಯ ಕೆಲಸದಿಂದ ದೂರವಿಟ್ಟು, ಮೇಲಿನ ಕೆಲಸಕ್ಕೂ ಬೆಳಗಿನ 6ರಿಂದ ಸಂಜೆಯ 7 ಗಂಟೆಯವರೆಗಿನ ಮಿತಿಯನ್ನು ಗೊತ್ತುಪಡಿಸಿತು. ದೀಪ ಹಚ್ಚಿದ ಮೇಲೆ ತಲೆ ಬಾಚಬಾರದೆಂಬುದು ಮನೆಯ ಶಾಸ್ತ್ರ. ಕಾನೂನು ಮತ್ತು ಶಾಸ್ತ್ರ ಇವೆರಡರ ನಡುವೆ, ದುಡಿಯುವ ತಾಯಿಗೆ ಮಗಳ ತಲೆಗಾಗಿ ಉಳಿಯುತ್ತಿದ್ದುದು ಮುಂಜಾವಿನ ಅಲ್ಪ ಕಾಲ ಮಾತ್ರ.

2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಆ ಕಾಲವೂ ಇನ್ನಷ್ಟು ಕುಗ್ಗಿತು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಸಾವಿರಾರು ಜನ ನಸುಕಿನ ರೈಲುಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗತೊಡಗಿದರು. ಅವರಲ್ಲಿ ಹೆಂಗಸರೂ ಇದ್ದಾರೆ. ಮಗಳು ಏಳುವ ಮೊದಲೇ ರೈಲು ಹತ್ತುವ ತಾಯಿ ಜಡೆ ಹೆಣೆಯುವುದು ಯಾವಾಗ? ಆ ಕೆಲಸ ಅಜ್ಜಿಯ ಪಾಲಿಗೆ ಬಂದಿದೆ, ಇಲ್ಲವೆ ರಬ್ಬರ್ ಬ್ಯಾಂಡು ಮತ್ತು ಕ್ಲಿಪ್ಪುಗಳ ಪಾಲಿಗೆ. ಮೊಗ್ಗಿನ ಜಡೆಯೂ ಸಿದ್ಧಪಡಿಸಿದ ವಸ್ತುವಾಗಿ ಹೂವಿನ ಅಂಗಡಿಯಲ್ಲಿ ದೊರೆಯುತ್ತದೆ. ಬಾಡದ ಕೃತಕ ಮೊಗ್ಗುಗಳದೂ ಉಂಟು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಹೊರಪಡುತ್ತವೆ. ಮೊದಲನೆಯದಾಗಿ, ಹೆಣ್ಣುಮಗುವಿನ ಜಡೆ ಗಣಿನಾಡಿನ ಭಾಷಾಮಿಶ್ರಣವನ್ನು ಸೂಚಿಸುವ ಒಂದು ಆಕರ. ಎರಡನೆಯದಾಗಿ, ಹೂ ಮುಡಿಯುವುದು ಹಕ್ಕಿನ ಪ್ರಶ್ನೆಯಾಗಿದ್ದ ಕಾಲದಲ್ಲಿ ಗಣಿಯ ಕಾರ್ಮಿಕ ಕುಟುಂಬಗಳಿಗೆ ಅದು ಗೌರವದ ಸಂಕೇತವಾಗಿತ್ತು. ಮೂರನೆಯದಾಗಿ, ತಾಯಿಯ ಸಮಯವನ್ನು ಕಂಪನಿ, ಶಾಲೆ, ರೈಲು ಇವು ಹಂಚಿಕೊಂಡ ಬಗೆಯನ್ನು ಜಡೆಯ ರೂಪಾಂತರಗಳಲ್ಲಿ ಗುರುತಿಸಬಹುದು.

ಗಣಿಯ ಯಂತ್ರಗಳು ತುಕ್ಕು ಹಿಡಿದರೂ ಅವುಗಳ ನಕ್ಷೆಗಳು ಎಲ್ಲಿಯೋ ಉಳಿದಾವು. ಮೊಗ್ಗು ಹೊಲಿಯಬಲ್ಲ ಕೈಗಳಿಗೆ ನಕ್ಷೆಯಿಲ್ಲ. ಆದಕಾರಣ ಈ ಭಾಗದಿಂದ ಬರುವ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಮನೆಗೆ ಹೋದಾಗ ಗೋಡೆಯ ಮೇಲಿನ ಹಳೆಯ ಪಟವನ್ನು ಇಳಿಸಿ, ಅದರ ಹಿಂಭಾಗದಲ್ಲಿರುವ ಸ್ಟುಡಿಯೋದ ಮುದ್ರೆಯನ್ನೂ ತಾರೀಖನ್ನೂ ಬರೆದುಕೊಳ್ಳಲಿ. ಆ ಜಡೆಯನ್ನು ಹೆಣೆದವರು ಯಾರೆಂದು ಅಜ್ಜಿಯನ್ನು ಕೇಳಲಿ. ಆ ಹೆಸರನ್ನು ಬರೆದುಕೊಂಡಲ್ಲಿಂದ ಗಣಿನಾಡಿನ ಮನೆಗಳ ಇತಿಹಾಸ ಪ್ರಾರಂಭವಾದೀತು.