ಕೊನೆಯ ಪದ ಏನನ್ನು ಅಳೆಯುತ್ತದೆ? ಕಾರ್ಯಸ್ಮೃತಿ ಮತ್ತು ಓದಿನ ಗ್ರಹಿಕೆಯ ಸಂಬಂಧ ಕುರಿತು

ಕಾರ್ಯಸ್ಮೃತಿ (ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು ಬಳಸುವ ಸಾಮರ್ಥ್ಯ) ಚುರುಕಾಗಿರುವವರು ಓದಿದ್ದನ್ನು ಚೆನ್ನಾಗಿ ಗ್ರಹಿಸುತ್ತಾರೆ ಎಂಬುದರಲ್ಲಿ ಈಗ ತಕರಾರಿಲ್ಲ. ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಮಂಡಿಸಿದ ಕಾರ್ಯಸ್ಮೃತಿಯ ಮಾದರಿಯನ್ನು ಓದಿನ ಅಧ್ಯಯನಕ್ಕೆ ಒಗ್ಗಿಸಿದವರು ಡೇನ್‌ಮನ್ ಮತ್ತು ಕಾರ್ಪೆಂಟರ್. ಅವರ 1980ರ ಪರೀಕ್ಷೆಯಲ್ಲಿ ಓದುಗರು ಹಲವು ವಾಕ್ಯಗಳನ್ನು ಗಟ್ಟಿಯಾಗಿ ಓದಿ, ಪ್ರತಿ ವಾಕ್ಯದ ಕೊನೆಯ ಪದವನ್ನು ನೆನಪಿನಿಂದ ಹೇಳಬೇಕಿತ್ತು. ಡೇನ್‌ಮನ್ ಮತ್ತು ಮೆರಿಕಲ್ 1996ರಲ್ಲಿ 77 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಈ ಸಂಬಂಧವನ್ನು ದೃಢಪಡಿಸಿದರು.

ತಕರಾರಿರುವುದು ಕಾರಣದ ಬಗ್ಗೆ. ಜಸ್ಟ್ ಮತ್ತು ಕಾರ್ಪೆಂಟರ್ (1992) ಸ್ಮೃತಿಯ ಸಾಮರ್ಥ್ಯವೇ ಗ್ರಹಿಕೆಯ ಮಿತಿಯನ್ನು ನಿರ್ಧರಿಸುತ್ತದೆ ಎಂದರು. ಭಾಷೆಯ ಅನುಭವದಿಂದ ಬೇರೆಯಾದ ಅಂಥ ಸಾಮರ್ಥ್ಯವೇ ಇಲ್ಲ ಎಂದು ಮ್ಯಾಕ್‌ಡೊನಾಲ್ಡ್ ಮತ್ತು ಕ್ರಿಸ್ಟಿಯನ್‌ಸನ್ (2002) ವಾದಿಸಿದರು. ಕನ್ನಡದ ವಾಕ್ಯರಚನೆ ಎರಡನೆಯ ಪಕ್ಷಕ್ಕೆ ಬಲ ಕೊಡುತ್ತದೆ ಎಂದು ನನಗನಿಸುತ್ತದೆ.

ಈ ಪರೀಕ್ಷೆಯನ್ನು ಹಾಗೆಯೇ ಕನ್ನಡಕ್ಕೆ ತಂದರೆ ಕೊನೆಯ ಪದ ಬಹುಪಾಲು ಕ್ರಿಯಾಪದವೇ ಆಗುತ್ತದೆ. ‘ಅಜ್ಜಿ ಮೊಮ್ಮಗನಿಗೆ ಹಣ್ಣು ಕೊಟ್ಟಳು’, ‘ಅಕ್ಕ ಲಕೋಟೆಗೆ ಅಂಚೆಚೀಟಿ ಅಂಟಿಸಿದಳು’, ‘ಹುಡುಗಿ ಕಿಟಕಿ ಮುಚ್ಚಿದಳು’: ನೆನಪಿಡಬೇಕಾದ ಮೂರೂ ಪದಗಳು ಒಂದೇ ಪ್ರತ್ಯಯದಲ್ಲಿ ಮುಗಿಯುತ್ತವೆ. ಧ್ವನಿಸಾಮ್ಯವಿರುವ ಅಕ್ಷರಗಳ ಸರಣಿಯನ್ನು ನೆನಪಿಡುವುದು ಕಷ್ಟ ಎಂಬುದನ್ನು ಕಾನ್ರಾಡ್ ಮತ್ತು ಹಲ್ 1964ರಲ್ಲೇ ತೋರಿಸಿದ್ದರು. ಪದಗಳಿಗೂ ಇದು ಅನ್ವಯಿಸುವುದರಿಂದ ಅಂಕ ತಗ್ಗಬೇಕು. ಆದರೆ ಅಕ್ಕ, ಲಕೋಟೆ, ಅಂಚೆಚೀಟಿ ಇಷ್ಟು ಮನಸ್ಸಿನಲ್ಲಿ ಉಳಿದವರಿಗೆ ‘ಅಂಟಿಸಿದಳು’ ಎಂಬುದನ್ನು ನೆನಪಿಡಬೇಕಾಗಿಯೇ ಇಲ್ಲ. ಅರ್ಥದಿಂದ ಧಾತುವನ್ನೂ ಕರ್ತೃವಿನಿಂದ ಪ್ರತ್ಯಯವನ್ನೂ ಊಹಿಸಿಕೊಳ್ಳಬಹುದು. ಆಗ ಸ್ಮೃತಿಯ ಅಂಕದೊಳಗೇ ಗ್ರಹಿಕೆ ಸೇರಿಕೊಂಡಿರುತ್ತದೆ. ಅಂಥ ಅಂಕಕ್ಕೂ ಗ್ರಹಿಕೆಗೂ ಸಂಬಂಧ ಕಂಡರೆ, ಅದರ ಒಂದು ಪಾಲಾದರೂ ಗ್ರಹಿಕೆಗೆ ಗ್ರಹಿಕೆಯ ಜೊತೆಗಿರುವ ಸಂಬಂಧವೇ.

ಈ ಮಾತನ್ನು ಹಿಗ್ಗಿಸಬಾರದು. ಕನ್ನಡದಲ್ಲಿ ಕ್ರಿಯಾಪದವಿಲ್ಲದ ವಾಕ್ಯಗಳೂ ಉಂಟು. ಇಂಗ್ಲಿಷಿನಲ್ಲೂ ಕೊನೆಯ ಪದವನ್ನು ಕೆಲಮಟ್ಟಿಗೆ ಊಹಿಸಬಹುದು. ಮುಖ್ಯವಾಗಿ, ಟರ್ನರ್ ಮತ್ತು ಎಂಗಲ್ (1989) ವಾಕ್ಯಗಳ ಬದಲು ಲೆಕ್ಕಗಳನ್ನು ಕೊಟ್ಟು, ಪ್ರತಿ ಲೆಕ್ಕದ ಜೊತೆಗಿನ ಪದವನ್ನು ನೆನಪಿಡಲು ಹೇಳಿದಾಗಲೂ ಸ್ಮೃತಿಯ ಅಂಕಕ್ಕೂ ಗ್ರಹಿಕೆಗೂ ಸಂಬಂಧ ಕಂಡಿತು. ಲೆಕ್ಕದಿಂದ ಪದವನ್ನು ಊಹಿಸಲಾಗದು. ಹಾಗಾಗಿ ನನ್ನ ಆಕ್ಷೇಪ ಸಂಬಂಧದ ಅಸ್ತಿತ್ವಕ್ಕಲ್ಲ, ಅದರ ಗಾತ್ರಕ್ಕೆ.

ಕ್ರಿಯಾಪದ ಕೊನೆಗೆ ಬರುವ ಇನ್ನೊಂದು ಭಾಷೆ ಜಪಾನಿ. ಅಲ್ಲಿ ಒಸಾಕಾ ದ್ವಯರು (1992) ವಾಕ್ಯದೊಳಗಿನ ಒಂದು ಪದಕ್ಕೆ ಅಡಿಗೆರೆ ಎಳೆದು, ಅದನ್ನೇ ನೆನಪಿಡಲು ಹೇಳಿದರು. ಕನ್ನಡದಲ್ಲಿ ಎರಡೂ ವಿಧಾನಗಳನ್ನು ಒಂದೇ ಓದುಗರ ಮೇಲೆ ಪ್ರಯೋಗಿಸಿದರೆ, ಊಹೆಯ ಪಾಲು ಎಷ್ಟೆಂದು ಅಂದಾಜಿಸಬಹುದು. ಇದು ಪಳಗಿದ ಓದುಗರ ಮಾತಾಯಿತು. ಒತ್ತಕ್ಷರಗಳಲ್ಲಿ ಇನ್ನೂ ತಡವರಿಸುವ ಮಕ್ಕಳಿಗೆ ಗಟ್ಟಿಯಾಗಿ ಓದುವುದೇ ಸ್ಮೃತಿಗೆ ಹೊರೆ. ಅವರಿಗೆ ಯಾವ ಅಳತೆ ತಕ್ಕದ್ದು ಎಂಬುದನ್ನು ಈ ಲೇಖನ ಇತ್ಯರ್ಥಪಡಿಸುವುದಿಲ್ಲ.