ಬಳ್ಳಾರಿ ಜಾಲಿ ಕಿತ್ತ ಕಾವಲಿಗೆ ಗೊಬ್ಬರ ಬೇಕೆ?

ಅಮೃತಮಹಲ್ ಕಾವಲುಗಳ ಸುಧಾರಣೆ ಎಂದೊಡನೆ ಎರಡು ಸಲಹೆಗಳು ಜೊತೆಯಾಗಿಯೇ ಬರುತ್ತವೆ: ಪೊದೆ ತೆಗೆಯಿರಿ, ಗೊಬ್ಬರ ಹಾಕಿರಿ. ಮೊದಲನೆಯದನ್ನು ಅರೆಬರೆ ಮಾಡಿ ಎರಡನೆಯದಕ್ಕೆ ಕೈಹಾಕಿದರೆ ಲಾಭ ಪೊದೆಗೇ ಎಂಬುದು ಈ ಟಿಪ್ಪಣಿಯ ವಾದ.

ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳ ಮೇವಿಗಾಗಿ ಮೀಸಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ನೆಲದಲ್ಲಿ ಉಳುಮೆಗೂ ಕಟ್ಟಡಗಳಿಗೂ ಹೋದದ್ದು ಬೇರೆಯೇ ಕತೆ. ಉಳಿದುದಕ್ಕೆ ದೊಡ್ಡ ಕಂಟಕ ಬಳ್ಳಾರಿ ಜಾಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದ ಈ ಗಿಡದ ಕಾಯಿ ಸಿಹಿ. ದನ, ಕುರಿ ಆಸೆಪಟ್ಟು ತಿನ್ನುತ್ತವೆ. ಬೀಜ ಅರಗದೆ ಸಗಣಿ, ಹಿಕ್ಕೆಗಳಲ್ಲಿ ಹೊರಬಿದ್ದು ಅಲ್ಲೇ ಮೊಳೆಯುತ್ತದೆ.

ಕೊಡಲಿಯಿಂದ ಬುಡಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹಲವು ಚಿಗುರು ಏಳುತ್ತವೆ. ಬೇರು ಮತ್ತು ಕಾಂಡ ಕೂಡುವ ಗಂಟಿನಲ್ಲಿ, ಮಣ್ಣಿನ ಒಳಗೆ, ಮೊಗ್ಗುಗಳು ಸುಪ್ತವಾಗಿರುತ್ತವೆ. ಹಾರೆ, ಗುದ್ದಲಿ ಹಿಡಿದು ಸುಮಾರು ಒಂದು ಅಡಿ ಅಗೆದು ಆ ಗಂಟನ್ನೇ ಎತ್ತಬೇಕು. ಲಂಟಾನಕ್ಕೆ ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದ ತತ್ತ್ವವೂ ಇದೇ: ತಾಯಿಬೇರನ್ನು ನೆಲಮಟ್ಟದಿಂದ ಕೆಲವೇ ಸೆಂ.ಮೀ. ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿಸಿ ಬಿಡುವುದು. ಜೆಸಿಬಿ ಕೆಲಸ ಬೇಗ ಮುಗಿಸುತ್ತದೆ, ನಿಜ. ಆದರೆ ಜಾಲಿಯ ಜೊತೆಗೆ ಹುಲ್ಲಿನ ಬುಡಗಳನ್ನೂ ಮಗುಚಿಹಾಕುತ್ತದೆ. ತಂಗಡಿ, ಬಂದರಿಕೆ ಈ ನೆಲದವೇ. ಅವನ್ನು ಇದೇ ಏಟಿಗೆ ಸವರಬಾರದು.

ಇನ್ನು ಗೊಬ್ಬರ. ಬಳ್ಳಾರಿ ಜಾಲಿ ದ್ವಿದಳ ಜಾತಿಯದು. ಗಾಳಿಯ ಸಾರಜನಕವನ್ನು ಹಿಡಿದು, ಉದುರಿದ ಎಲೆಯ ಮೂಲಕ ತನ್ನ ನೆರಳಿನಡಿಯ ಮಣ್ಣಿಗೆ ಸೇರಿಸುತ್ತದೆ. ಕಿತ್ತ ಗುಂಡಿಯ ಸುತ್ತಲ ಮಣ್ಣು ಬಯಲಿನ ಮಣ್ಣಿಗಿಂತ ಫಲವತ್ತಾಗಿರುವುದು ಇದರಿಂದಲೇ. ಅಲ್ಲಿ ಕೂಡಲೇ ಯೂರಿಯಾ ಎರಚುವುದರಲ್ಲಿ ಅರ್ಥವಿಲ್ಲ. ಉಳಿದೆಡೆಯೂ ಲೆಕ್ಕ ಕಷ್ಟ: ಎಕರೆಗೆ 15 ಕೆ.ಜಿ. ಸಾರಜನಕ ಕೊಡಲು ಸುಮಾರು 33 ಕೆ.ಜಿ. ಯೂರಿಯಾ ಬೇಕು. ಮಳೆ ಕೈಕೊಟ್ಟರೆ ಒಣನೆಲದ ಮೇಲೆ ಬಿದ್ದದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಪ್ರಯೋಗ ಇನ್ನೊಂದು ಎಚ್ಚರಿಕೆ ಕೊಡುತ್ತದೆ: ಸಾರಜನಕ ಬಿದ್ದ ತಾಕುಗಳಲ್ಲಿ ಮೇವು ಹೆಚ್ಚಿತು, ಸಸ್ಯ ಜಾತಿಗಳು ಕಡಿಮೆಯಾದವು. ಅಲ್ಲಿಯ ತೇವದ ಹವೆ ನಮ್ಮದಲ್ಲ, ಆದರೂ ಹತ್ತಾರು ಹುಲ್ಲುಗಳು ಕೂಡಿ ಬೆಳೆಯುವ ಕಾವಲಿಗೆ ಇದು ಸಣ್ಣ ಮಾತಲ್ಲ.

ಸಾರ ಸೋರುವ ದಾರಿಯನ್ನೂ ಗಮನಿಸಬೇಕು. ಹಗಲೆಲ್ಲ ಕಾವಲಿನಲ್ಲಿ ಮೇದ ಕುರಿಯನ್ನು ರಾತ್ರಿ ರೈತರ ಹೊಲದಲ್ಲಿ ತರುಬುತ್ತಾರೆ. ಹೊಲಕ್ಕೆ ಲಾಭ, ಕುರಿಗಾಹಿಗೆ ಕಾಸು ಅಥವಾ ಕಾಳು. ಕಾವಲಿಗೆ ಮಾತ್ರ ಏನೂ ಮರಳುವುದಿಲ್ಲ. ವರ್ಷದಲ್ಲಿ ಕೆಲವು ರಾತ್ರಿಯಾದರೂ, ಜಾಲಿ ಕಾಯಿಯ ಕಾಲ ಬಿಟ್ಟು, ಮಂದೆಯನ್ನು ಕಾವಲಿನ ಬರಡು ತಾಕುಗಳಲ್ಲೇ ನಿಲ್ಲಿಸುವುದು ಚೀಲದ ಗೊಬ್ಬರಕ್ಕಿಂತ ಅಗ್ಗ. ಇದಕ್ಕೆ ಕುರಿಗಾಹಿಗಳ ಒಪ್ಪಿಗೆ ಬೇಕು, ಅವರಿಗೆ ತಪ್ಪುವ ಗಳಿಕೆಯನ್ನು ಕಟ್ಟಿಕೊಡಲೂ ಬೇಕು. ಸುಧಾರಣೆಯ ಹಣದಲ್ಲಿ ಮೊದಲ ಪಾಲು ಬೇರು ಅಗೆಯುವ ಕೂಲಿಗೆ, ಎರಡನೆಯದು ಮುಂದಿನ ಮಳೆಗಾಲಗಳಲ್ಲಿ ಮರುಚಿಗುರು ಕೀಳುವುದಕ್ಕೆ, ಮೂರನೆಯದು ಈ ಪರಿಹಾರಕ್ಕೆ ಸಲ್ಲಬೇಕು. ಯೂರಿಯಾದ ಸರದಿ ಇವೆಲ್ಲ ಆದಮೇಲೆ.